ಅರ್ಧ ಬಾಯಿಗೆ ದಾರ

ನನ್ನ ಸೋದರಮಾವನಿಗೆ ಗಿರಾಕಿಗಳು ಇಟ್ಟ ಹೆಸರು ಅರ್ಧಿಂಚು ಮಾಸ್ಟರ್. ಯಾರೇ ಅಂಗಿ ಹೊಲಿಸಲಿ, ಒಳಹೊಲಿಗೆಯಲ್ಲಿ ಅರ್ಧ ಇಂಚು ಬಟ್ಟೆ ಹೆಚ್ಚಿಗೆ ಬಿಡುತ್ತಾರೆ. "ಮನುಷ್ಯ ಅಂದ್ಮೇಲೆ ಇವತ್ತಲ್ಲ ನಾಳೆ ದಪ್ಪ ಆಗ್ತಾನೆ. ಆಗ ನಮ್ಮನ್ನ ಬೈಕೋಬಾರ್ದು" ಎನ್ನುವುದು ಅವರ ವಾದ. ಊರವರ ಹೊಟ್ಟೆಯ ಬಗ್ಗೆ ಇಷ್ಟು ಮುಂದಾಲೋಚನೆ ಇರುವ ಮನುಷ್ಯ ತನ್ನ ಬಾಯಿಯ ವಿಷಯದಲ್ಲಿ ಮಾತ್ರ ಪೂರಾ ದಡ್ಡರು. ಇದನ್ನು ಅವರೆದುರೇ ಹೇಳಿದ್ದೇನೆ, ಹಾಗಾಗಿ ಬರೆಯಲು ಅಂಜಿಕೆಯಿಲ್ಲ.

ಅಂಗಡಿಯಲ್ಲಿ ಇರುವುದು ನಾವಿಬ್ಬರೇ. ಬಟ್ಟೆ ಕತ್ತರಿಸುವುದು, ಯಂತ್ರ ತುಳಿಯುವುದು ಅವರು. ಗುಂಡಿ, ಕಾಜ, ಅಳತೆ ಪುಸ್ತಕ ನನ್ನದು. ಗಿರಾಕಿಯ ಎದುರು ನಿಂತು ಟೇಪು ಹಿಡಿದು ಅವರು ಕೂಗುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಸೇರಿದ ಮೊದಲ ವಾರವೇ ಒಬ್ಬರ ಜೇಬನ್ನು ತಪ್ಪು ಕಡೆಗೆ ಹಚ್ಚಿಸಿ ಬೈಸಿಕೊಂಡಿದ್ದೆ. "ಬಲ ಅಂದ್ರೆ ಎದುರಿಗೆ ನಿಂತೋನ ಬಲ ಕಣೇ, ನಿನ್ನ ಬಲ ಅಲ್ಲ!" ಅಂದಿನಿಂದ ನನ್ನ ಪುಸ್ತಕದಲ್ಲಿ ಎಡಬಲ ತಪ್ಪಿಲ್ಲ.

ಮೇಜಿನ ಮೇಲೆ ಎರಡು ಕತ್ತರಿ ಇದ್ದರೂ ಮಾವ ದಾರ ಕಡಿಯುವುದು ಹಲ್ಲಿನಿಂದ. ನಲವತ್ತು ವರ್ಷದಿಂದ ಹಾಗೇ. ಒಂದು ದಿನ ಬಿಳಿ ಅಂಗಿಯೊಂದರ ಕಾಲರಿನ ದಾರ ಕಡಿದು ಬಟ್ಟೆ ಕೆಳಗಿಟ್ಟಾಗ ಅದರ ಮೇಲೆ ಕೆಂಪು ಚುಕ್ಕೆ ಇತ್ತು. ಸೂಜಿ ಚುಚ್ಚಿತೇ ಎಂದು ಬೆರಳುಗಳನ್ನೆಲ್ಲ ನೋಡಿಕೊಂಡರು. ಬೆರಳು ನೆಟ್ಟಗಿದ್ದವು. ನಾನು ಅವರ ಬಾಯಿ ತೆರೆಸಿ ನೋಡಿದೆ. ವಸಡು ಊದಿಕೊಂಡು, ಕೆಳಗಿನ ಮುಂದಿನ ಹಲ್ಲುಗಳ ಬುಡದಲ್ಲಿ ರಕ್ತ ಜಿನುಗುತ್ತಿತ್ತು.

ಹಲ್ಲಿನ ಡಾಕ್ಟರಮ್ಮ ಮಾವನ ಬಾಯೊಳಗೆ ಅರ್ಧ ಗಂಟೆ ಕೆರೆದು ತೊಳೆದರು. ಆಮೇಲೆ ಕನ್ನಡಿ ಹಿಡಿದು ತೋರಿಸಿ, ಹಲ್ಲಿನ ಸಂದಿಗೆ ಹಾಕುವ ದಾರದ ಪುಟ್ಟ ಡಬ್ಬಿಯೊಂದನ್ನು ಕೊಟ್ಟರು.

"ಬ್ರಷ್ ಹಲ್ಲಿನ ಮುಖ ತೊಳೆಯುತ್ತೆ ಅಷ್ಟೆ. ಸಂದಿ ಹಾಗೇ ಉಳಿಯುತ್ತೆ. ಅಲ್ಲಿ ಕೂತ ಕೊಳೆಯಿಂದಲೇ ವಸಡು ಹೀಗಾಗಿರೋದು. ದಿನಾ ಒಂದು ಸಲ ಈ ದಾರ ಹಾಕಿ. ಗರಗಸದ ಹಾಗೆ ಎಳೀಬೇಡಿ, ಹಲ್ಲನ್ನ ಬಳಸಿ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಮೊದಮೊದಲು ರಕ್ತ ಬರುತ್ತೆ, ಹೆದರಿ ನಿಲ್ಲಿಸ್ಬೇಡಿ. ವಾರ, ಎರಡು ವಾರದಲ್ಲಿ ತಾನೇ ನಿಲ್ಲುತ್ತೆ."

"ನಿಲ್ಲದಿದ್ರೆ?" ಎಂದರು ಮಾವ.

"ಕೆಳಗಿನ ನಾಲ್ಕು ಹಲ್ಲು ಅಲ್ಲಾಡ್ತಿವೆ. ವಸಡು ಗಟ್ಟಿಯಾದ್ರೆ ಉಳೀತವೆ, ಇಲ್ಲಾಂದ್ರೆ ತೆಗೀಬೇಕಾಗುತ್ತೆ. ಒಂದು ತಿಂಗಳು ಬಿಟ್ಟು ಬನ್ನಿ."

ಮಾವನ ಮುಖ ಬಿಳಚಿಕೊಂಡಿತು. ಅಜ್ಜನ ಬಾಯಿ ಬೋಳಾದದ್ದು ಇದೇ ವಯಸ್ಸಿನಲ್ಲಿ. ಆಮೇಲೆ ಸಾಯುವವರೆಗೂ ಅಜ್ಜ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಕ್ಕರು. ಮಾವನೋ, ದಿನಕ್ಕೆ ಹತ್ತು ಸಲ ಬಾಯಿ ತುಂಬ ನಗುವವರು. ನಗದ ಮಾವನನ್ನು ನೆನೆಸಿಕೊಳ್ಳಲು ನನ್ನಿಂದಲೂ ಆಗಲಿಲ್ಲ.

ಆದರೂ ದಡ್ಡತನ ಬಿಡಬೇಕಲ್ಲ. ಡಾಕ್ಟರಮ್ಮ ಕೊಟ್ಟ ಪುಟ್ಟ ಡಬ್ಬಿಯನ್ನು ನೋಡಿ, "ದಾರದವನಿಗೇ ದಾರ ಕೊಡ್ತಾರಲ್ಲೇ!" ಎಂದು ನಕ್ಕು ಅದನ್ನು ಖಾನೆಗೆ ಹಾಕಿದರು. ಮರುದಿನ ಬೆಳಿಗ್ಗೆ ಕೋಟಿನ ಗುಂಡಿಗೆ ಬಳಸುವ ದಪ್ಪ ದಾರ ತೆಗೆದುಕೊಂಡು, ಹೊಲಿಗೆ ಬಿಗಿಯುವವರಂತೆ ಎರಡೂ ಕೈಯಲ್ಲಿ ಹಿಡಿದು ಫಟ್ಟನೆ ಜಗ್ಗಿದರು. ದಾರ ಸಂದಿ ದಾಟಿ ನೇರ ವಸಡಿಗೆ ಇಳಿಯಿತು. ಅತ್ತೆ ಬಚ್ಚಲಲ್ಲಿ ರಕ್ತ ಕಂಡು ಬೊಬ್ಬೆ ಹಾಕಿದರು.

ಎದುರಿನ ಕ್ಷೌರದಂಗಡಿಯವನು ಮಾವನ ಬಾಲ್ಯದ ಗೆಳೆಯ. ಅವನ ಹತ್ತಿರ ಎಲ್ಲ ರೋಗಕ್ಕೂ ಸಲಹೆ ಉಂಟು. "ನಾನು ಮೂವತ್ತು ವರ್ಷದಿಂದ ಕತ್ತಿ ಹಿಡಿದೋನು. ರಕ್ತ ಬಂತು ಅಂದ್ರೆ ಕೈ ಎತ್ತಬೇಕು, ಇನ್ನೂ ಉಜ್ಜಬಾರ್ದು. ಉಪ್ಪುನೀರು ಮುಕ್ಕಳಿಸು, ಸಾಕು" ಎಂದ. ನಾನು ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಆಕೆ ಬೈದು, "ಉಪ್ಪುನೀರು ಬೇಕಾದ್ರೆ ಹಾಕಲಿ, ಆದ್ರೆ ಸಂದಿ ತೊಳೆಯೋಕೆ ಅದು ಸಾಲದು. ನಾನು ಕೊಟ್ಟ ದಾರದಲ್ಲೇ ಮೆಲ್ಲಗೆ ಮುಂದುವರಿಸಿ" ಎಂದರು.

ಈಗ ಮಾವನ ತಲೆ ಕಲಸುಮೇಲೋಗರವಾಯಿತು. ರಕ್ತ ಬಂದರೆ ನಿಲ್ಲಿಸಬೇಕು ಎನ್ನುವುದು ಮಗುವಿಗೂ ಗೊತ್ತು. ರಕ್ತ ಬರುತ್ತದೆ ಎಂದೇ ಮಾಡಬೇಕು ಎನ್ನುವುದು ಯಾವ ಲೆಕ್ಕ? ಕಾಲರು ಹೊಲಿಯುತ್ತ ಹೊಲಿಯುತ್ತ ಯಂತ್ರ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. "ಮಾಡಿದ್ರೆ ಹಲ್ಲು ಹೋಗುತ್ತೋ, ಮಾಡದಿದ್ರೆ ಹೋಗುತ್ತೋ?" ನನಗಾದರೂ ಏನು ಗೊತ್ತು? ನಾನು ಕಾಜ ಹೊಲಿಯುವವಳು.

ಮೂರು ದಿನ ಹೀಗೆ ಒದ್ದಾಡಿ ನಾಲ್ಕನೆಯ ದಿನ ಮಾವ ಒಂದು ಉಪಾಯ ಕಂಡುಹಿಡಿದರು. ಹೊಸ ಬಟ್ಟೆ ನೀರಿಗೆ ಕುಗ್ಗುತ್ತದೋ ಇಲ್ಲವೋ ನೋಡಲು ಒಂದು ತುಂಡನ್ನು ನೆನೆಸಿ, ಇನ್ನೊಂದನ್ನು ನೆನೆಸದೆ ಇಟ್ಟು ಹೋಲಿಸುವುದು ನಮ್ಮ ಪದ್ಧತಿ. ಬಾಯಿಗೂ ಅದನ್ನೇ ಮಾಡೋಣ ಎಂದರು. ಅರ್ಧ ಬಾಯಿಗೆ ದಾರ, ಅರ್ಧ ಬಾಯಿಗೆ ಬರೀ ಉಪ್ಪುನೀರು. ಯಾವ ಕಡೆ ಚೆನ್ನಾಗಿರುತ್ತದೋ ನೋಡಿ ತೀರ್ಮಾನ. ನನಗೂ ಇದು ಭಾರಿ ಬುದ್ಧಿವಂತಿಕೆಯ ಮಾತಾಗಿ ಕಂಡಿತು, ದೇವರಾಣೆ.

ಅಂಗಡಿಯ ನಿಲುವುಗನ್ನಡಿಯ ಮುಂದೆ ನಿಂತು, ಯಾವ ಕಡೆ ಎಂದು ಮರೆಯದಿರಲು ಕನ್ನಡಿಯ ಅಂಚಿಗೆ ಸೀಮೆಸುಣ್ಣದಲ್ಲಿ ಗೀಟು ಎಳೆದರು. ಮತ್ತೆ ಅಳತೆ ಕೂಗುವ ದನಿಯಲ್ಲೇ, "ಬಲಕ್ಕೆ ದಾರ. ಎಡಕ್ಕೆ ಇಲ್ಲ. ಬರ್ಕೋ" ಎಂದರು. ಬರೆದುಕೊಂಡೆ. ಅಂದಿನಿಂದ ಗೀಟಿನ ಕಡೆಗೆ ದಿನಾ ತಪ್ಪದೆ ದಾರ ಬಿತ್ತು. ಡಾಕ್ಟರಮ್ಮನ ದಾರವೇ, ಮೆಲ್ಲಗೇ. ಹತ್ತು ದಿನದಲ್ಲಿ ಆ ಕಡೆ ರಕ್ತ ನಿಂತಿತು ಎಂದು ಹೇಳಿದರು. ಆದರೆ ಎರಡು ದಿನ ಬಿಟ್ಟು ಇನ್ನೊಂದು ಕಡೆಯೂ ನೋವು ಕಡಿಮೆ ಎಂದರು. ಮತ್ತೆ ಗೊಂದಲ.

ತಿಂಗಳು ಮುಗಿದು ಇಬ್ಬರೂ ಹೋದೆವು. ಡಾಕ್ಟರಮ್ಮ ಒಂದೊಂದೇ ಹಲ್ಲು ಅಲ್ಲಾಡಿಸಿ, ವಸಡಿನ ಸುತ್ತ ಕಡ್ಡಿ ಆಡಿಸಿ ಹೇಳಿದರು. "ಎಡಗಡೆ ಎರಡೂ ಚೆನ್ನಾಗಿ ಗಟ್ಟಿಯಾಗಿವೆ. ಬಲಗಡೆ ಹಾಗೇ ಇದೆ, ಒಂದು ಇನ್ನೂ ಸಡಿಲವಾಗಿದೆ. ಯಾಕೆ ಹೀಗೆ?"

ನಾವು ಕಳ್ಳರ ಹಾಗೆ ಮುಖ ಮುಖ ನೋಡಿಕೊಂಡೆವು. ಅರ್ಧ ಬಾಯಿಯ ಪರೀಕ್ಷೆ ಮಾಡಿದೆವು ಎಂದು ಯಾವ ಬಾಯಲ್ಲಿ ಹೇಳುವುದು? ವಾರ ಬಿಟ್ಟು ಬನ್ನಿ, ಒಂದನ್ನು ತೆಗೆಯಬೇಕಾದೀತು ಎಂದರು ಡಾಕ್ಟರಮ್ಮ.

ಹೊರಗೆ ಬಂದವರೇ ಮಾವ ಬೀದಿಯಲ್ಲಿ ನಿಂತುಬಿಟ್ಟರು. "ದಾರ ಹಾಕಿದ್ದು ಬಲಕ್ಕೆ. ಕೆಟ್ಟಿದ್ದೂ ಬಲವೇ. ಕ್ಷೌರದೋನು ಹೇಳಿದ್ದೇ ನಿಜ ಅಲ್ವೇನೇ?" ಅಂಗಡಿಗೆ ಬಂದು ಪುಸ್ತಕ ತೆಗೆದು ನೋಡಿದೆ. 'ಬಲ: ದಾರ' ಎಂದೇ ಇತ್ತು. ದಾರ ಹಾಕಿದ ಕೈಗೇ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಕಡ್ಡಿ ಆಡಿಸಿದ ಮೇಲೆ ಇಡೀ ಬಾಯಿ ಒಂದೇ ಸಮ ನೋಯುತ್ತಿತ್ತು, ಮತ್ತೆ ನಮ್ಮ ಅಂಗಡಿಯಲ್ಲಿ ಕೈಗಿಂತ ಪುಸ್ತಕದ ಮಾತು ದೊಡ್ಡದು. ಮಾವ ದಾರದ ಡಬ್ಬಿಯನ್ನು ಚಿಂದಿಯ ಬುಟ್ಟಿಗೆ ಎಸೆದರು. ಎದುರಿನವನು ಕತ್ತಿ ಮಸೆಯುತ್ತ ಮೀಸೆಯಲ್ಲೇ ನಕ್ಕ.

ನಾಲ್ಕು ದಿನ ಕಳೆಯಿತು. ಒಬ್ಬರು ಕೋಟು ಹಾಕಿ ನೋಡಲು ಬಂದಿದ್ದರು. ಅವರು ಕನ್ನಡಿಯ ಮುಂದೆ ನಿಂತು, "ಬಲಗಡೆ ತೋಳು ಉದ್ದ ಆಯ್ತು" ಎಂದು ಕೈ ಎತ್ತಿದರು. ಕನ್ನಡಿಯೊಳಗಿನವನು ನನಗೆ ಎಡಗೈ ಎತ್ತಿದಂತೆ ಕಂಡಿತು. ಅವನನ್ನು ಎದುರಿಗೆ ನಿಂತ ಗಿರಾಕಿ ಎಂದುಕೊಂಡರೆ ಅದು ಎಡಗೈಯೇ. ನನ್ನ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು.

ಗಿರಾಕಿ ಹೋದ ಮೇಲೆ ಕೇಳಿದೆ. "ಮಾವ, ಅವತ್ತು ಬಲ ಅಂತ ಕೂಗಿದ್ರಲ್ಲ, ಯಾರ ಬಲ?"

"ಎದುರಿಗೆ ನಿಂತೋನ ಬಲ. ಅದನ್ನೂ ಹೇಳ್ಕೊಡ್ಬೇಕಾ?"

"ಎದುರಿಗೆ ಯಾರು ನಿಂತಿದ್ರು?"

ಮಾವ ಕನ್ನಡಿಯ ಮುಂದೆ ಹೋಗಿ ನಿಂತರು. ಸೀಮೆಸುಣ್ಣದ ಗೀಟು ಇನ್ನೂ ಇತ್ತು. ಅದನ್ನು ನೋಡಿದರು, ತಮ್ಮ ಮುಖ ನೋಡಿದರು, ನಿಧಾನಕ್ಕೆ ಕೈ ಎತ್ತಿ ಕೆನ್ನೆ ಮುಟ್ಟಿಕೊಂಡರು. ಎಡಗೆನ್ನೆ. ಕನ್ನಡಿಯೊಳಗಿನವನ ಬಲ, ಇವರ ಎಡ. ದಾರ ಬಿದ್ದದ್ದು ಎಡಕ್ಕೆ, ಉಳಿದದ್ದೂ ಎಡವೇ. ಕೇಳದೆ ಬರೆದುಕೊಂಡವಳು ನಾನು. ನನಗೆ ಅಲ್ಲೇ ಅಳು ಬಂತು.

ಮಾವ ಚಿಂದಿಯ ಬುಟ್ಟಿಯನ್ನು ನೆಲಕ್ಕೆ ಸುರಿದು ಡಬ್ಬಿ ಹುಡುಕಿದರು. ಅಂದಿನಿಂದ ಬಾಯಿ ಪೂರ್ತಿ ದಾರ. ಆದರೆ ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೂರು ದಿನಕ್ಕೆ ಏನಾದೀತು? ಈ ಸಲ ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದೆವು. ಆಕೆ ತಲೆ ಹಿಡಿದುಕೊಂಡರು.

"ಆಗಿಂದಲೇ ಹಾಕಿದ್ರೆ ಇದೂ ಉಳೀತಿತ್ತಾ?" ಎಂದು ಮಾವ ಕೇಳಿದರು.

"ಉಳೀಬಹುದಿತ್ತು. ಮೊದಲೇ ತುಂಬ ಸಡಿಲ ಇತ್ತು. ಖಂಡಿತ ಅಂತ ಹೇಳೋಕಾಗಲ್ಲ."

ಅದೂ ಗೊತ್ತಾಗಲಿಲ್ಲ ನೋಡಿ. ಚುಚ್ಚುಮದ್ದು ಕೊಡುವ ಮೊದಲು ಯಾವ ಹಲ್ಲು ಎಂದು ಆಕೆ ಇನ್ನೊಮ್ಮೆ ಕೇಳಿದಾಗ ಮಾವ ಎಡ ಎನ್ನಲಿಲ್ಲ, ಬಲ ಎನ್ನಲಿಲ್ಲ. ಬಾಯೊಳಗೆ ಬೆರಳಿಟ್ಟು ಆ ಹಲ್ಲನ್ನು ಹಿಡಿದುಕೊಂಡರು. ತೆಗೆಯುವವರೆಗೂ ಬಿಡಲು ಮನಸ್ಸಿಲ್ಲದವರಂತೆ ಹಿಡಿದೇ ಇದ್ದರು.

ಎರಡು ದಿನ ಬಿಟ್ಟು ಯಂತ್ರಕ್ಕೆ ಕೂತರು. ಅಂಗಿಯ ಕೈಪಟ್ಟಿ ಮುಗಿಸಿ ಅಭ್ಯಾಸಬಲದಿಂದ ದಾರವನ್ನು ಬಾಯಿಗೆ ಒಯ್ದು ಕಚ್ಚಿದರು. ದಾರ ಹೊಸ ಸಂದಿಯಲ್ಲಿ ಜಾರಿ ಹಾಗೇ ಹೊರಬಂತು. ನಾನು ಕತ್ತರಿ ಚಾಚಿದೆ. ಮಾವ ಅದನ್ನು ತೆಗೆದುಕೊಂಡು, "ಊರವರ ಅಂಗಿಗೆಲ್ಲ ಅರ್ಧ ಇಂಚು ಬಿಟ್ಟೆ ಕಣೇ. ನನ್ನ ಬಾಯಲ್ಲಿ ಅರ್ಧ ಬಾಯನ್ನೇ ಬಿಟ್ಬಿಟ್ಟೆ" ಎಂದು ನಕ್ಕರು. ನಗುತ್ತಿದ್ದಂತೆ ಅವರ ಕೈ ಬಾಯಿಗೆ ಅಡ್ಡ ಬಂತು.