ವಸಡಿನ ರಕ್ತಕ್ಕೆ ಹೆದರಿದವರ ಹರಿಣಾಕ್ಷಿಯಕ್ಕ

ದೆಹಲಿಯ ಅಂಚಿನ ಇಂದಿರಾಪುರಂನಲ್ಲಿ ಜನವರಿಯ ಮಂಜು ಇನ್ನೂ ನೆಲ ಬಿಟ್ಟು ಎದ್ದಿಲ್ಲ. ಮಾರ್ಕೆಟ್ಟಿನ ಮೊದಲ ಮಹಡಿಯ ಹಲ್ಲಿನ ಕ್ಲಿನಿಕ್ಕಿನಲ್ಲಿ ಮಾತ್ರ ದೀಪ ಉರಿಯುತ್ತಿದೆ. ಹರಿಣಾಕ್ಷಿ ಹಬೆಯಲ್ಲಿ ಶುದ್ಧವಾದ ಸಲಕರಣೆಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದಾರೆ. ಪುಟ್ಟ ಕನ್ನಡಿ, ಬಾಗಿದ ಕೊಕ್ಕೆ, ವಸಡಿನ ಸಂದಿಯ ಆಳ ಅಳೆಯುವ ಗೆರೆ ಹಾಕಿದ ತೆಳುಕಡ್ಡಿ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳುತ್ತದೆ. ಮೂಗಿನವರೆಗೆ ಮಫ್ಲರ್ ಸುತ್ತಿಕೊಂಡು ಒಳಗೆ ಬಂದವರು ಐತಪ್ಪ, ಪಕ್ಕದ ರಸ್ತೆಯ ಕರಾವಳಿ ಹೋಟೆಲಿನ ಮುಖ್ಯ ಅಡುಗೆಯವರು. ಇವತ್ತು ಹೋಟೆಲಿಗೆ ವಾರದ ರಜೆ. ಅವರ ಕೆಳದವಡೆಯ ಮುಂದಿನ ಎರಡು ಹಲ್ಲುಗಳು ಉಳಿಯುತ್ತವೋ, ಕೀಳಬೇಕೋ ಎಂಬುದು ಇನ್ನು ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗಲಿದೆ. ಕುರ್ಚಿಯಲ್ಲಿ ಕುಳಿತರೂ ಅವರು ಮಫ್ಲರ್ ಬಿಚ್ಚುವುದಿಲ್ಲ. ಹರಿಣಾಕ್ಷಿಯೂ ಅವಸರ ಮಾಡುವುದಿಲ್ಲ. "ನೀವು ಹೆದರಿದ್ದು ಕಾಣ್ತದೆ ಐತಪ್ಪಣ್ಣ. ನನ್ನದು ಕಾಣುವುದಿಲ್ಲ, ಮಾಸ್ಕ್ ಉಂಟಲ್ಲ," ಎನ್ನುತ್ತಾರೆ.

ಹರಿಣಾಕ್ಷಿ ಡಾಕ್ಟರಲ್ಲ, ನರ್ಸೂ ಅಲ್ಲ. ಹಲ್ಲು ಮತ್ತು ವಸಡುಗಳನ್ನು ಶುಚಿ ಮಾಡುವ ಡೆಂಟಲ್ ಹೈಜೀನಿಸ್ಟ್. ಮಂಗಳೂರಿನಲ್ಲಿ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ದೆಹಲಿಗೆ ಬಂದವರು. ಪತಿ ಏಕನಾಥ, ಕಿದ್ವಾಯಿ ನಗರದ ಕಡೆ ಒಂದು ಕ್ಯಾಂಟೀನು ನೋಡಿಕೊಳ್ಳುತ್ತಾರೆ. ಬಂದ ಹೊಸತರಲ್ಲಿ ಹಿಂದಿ ಬರುತ್ತಿರಲಿಲ್ಲ. ಆದರೆ ಬಾಯಿ ತೆರೆದು ಮಲಗಿದವರು ತಪ್ಪು ತಿದ್ದುವಂತಿಲ್ಲವಾದ್ದರಿಂದ ಧೈರ್ಯವಾಗಿ ಮಾತಾಡಿಯೇ ಕಲಿತೆ ಎಂದು ನಗುತ್ತಾರೆ. ಮುಂಜಾನೆ ಗುರುಗ್ರಾಮದ ಕ್ಯಾಬ್ ಹಿಡಿಯುವ ಐಟಿ ಹುಡುಗರು, ಮಧ್ಯಾಹ್ನ ಗೃಹಿಣಿಯರು, ಸಂಜೆ ಮತ್ತೆ ಆಫೀಸಿನವರು. ದಿನಕ್ಕೆ ಹತ್ತು ಹನ್ನೆರಡು ಬಾಯಿಗಳ ಮೇಲೆ ಬಗ್ಗಿ ಬಗ್ಗಿ ಕತ್ತು ಹಿಡಿದುಬಿಟ್ಟಿದೆ. ಬಲಗೈ ಹೆಬ್ಬೆರಳ ಬುಡದಲ್ಲಿ ಚಳಿಗಾಲವಿಡೀ ನೋವು. ಹೋಗುವಾಗ ಜನ ಥ್ಯಾಂಕ್ಸ್ ಹೇಳುವುದು ಒಳಗಿನ ಕೋಣೆಯ ಡಾಕ್ಟರಿಗೆ. ಇವರನ್ನು ಕರೆಯುವುದು "ಸಿಸ್ಟರ್, ಬಿಲ್ ಎಲ್ಲಿ" ಎಂದು ಕೇಳಲಿಕ್ಕೆ.

ಅದರ ಬಗ್ಗೆ ಅವರಿಗೆ ದೂರಿಲ್ಲ. ದೂರಿರುವುದು ವಸಡಿನ ಮೇಲೆ. "ಹುಳುಕು ಹಲ್ಲು ಒಳ್ಳೆಯದು ಮಾರಾಯ್ರೆ, ನೋಯಿಸಿ ಎಬ್ಬಿಸ್ತದೆ. ವಸಡಿನ ರೋಗ ನೋಯುವುದೇ ಇಲ್ಲ. ಸ್ವಲ್ಪ ರಕ್ತ, ಸ್ವಲ್ಪ ವಾಸನೆ, ಅಷ್ಟೇ. ಒಳಗೆ ಎಲುಬು ಕರಗ್ತಾ ಇರ್ತದೆ. ಹಲ್ಲು ಅಲ್ಲಾಡುವ ದಿನ ಗೊತ್ತಾಗ್ತದೆ. ನನಗೆ ಹೆದರಿಕೆ ಅದಕ್ಕೇ," ಎನ್ನುವಾಗ ಅವರ ದನಿ ತಗ್ಗುತ್ತದೆ.

ಐತಪ್ಪನವರ ರೋಗವೂ ಹೀಗೆ ಸದ್ದಿಲ್ಲದೆ ಬಂದದ್ದು. ಅವರ ಹೋಟೆಲಿನಲ್ಲಿ ಮೊದಲ ಯಜಮಾನರ ಕಾಲದಿಂದ ಒಂದು ರೂಢಿಯಿದೆ. ಮೊದಲ ಒಲೆ ಹಚ್ಚುವವನು ಮಿಂದು, ಬಾಯಿ ಶುಚಿ ಮಾಡಿಕೊಂಡು ಬರಬೇಕು. ಮೊದಲ ಹಬೆಯ ಇಡ್ಲಿಯನ್ನು ಅಡುಗೆಮನೆಯ ದೇವರ ಪಟದ ಮುಂದೆ ಇಟ್ಟ ಮೇಲೆಯೇ ಗಿರಾಕಿಗೆ ತಟ್ಟೆ. ಆ ಕೆಲಸ ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಐತಪ್ಪನವರದು. ಒಂದು ಬೆಳಗ್ಗೆ ಹಲ್ಲುಜ್ಜಿ ಉಗುಳಿದಾಗ ನೊರೆ ಕೆಂಪಾಗಿತ್ತು. ಬಾಯಲ್ಲಿ ರಕ್ತವಿಟ್ಟುಕೊಂಡು ದೇವರ ಒಲೆ ಮುಟ್ಟುವುದು ಹೇಗೆ? ಸೊಂಟ ನೋವೆಂದು ಸುಳ್ಳು ಹೇಳಿ ಆ ದಿನ ಬೇರೆಯವರಿಂದ ಹಚ್ಚಿಸಿದರು. ಮರುದಿನವೂ ರಕ್ತ. ಮೂರನೆಯ ದಿನ ಉಜ್ಜದೆ ಬರೀ ನೀರು ಮುಕ್ಕಳಿಸಿದರು. ರಕ್ತ ಬರಲಿಲ್ಲ. ಅಲ್ಲಿಗೆ ಬ್ರಷ್ಷು ಮೂಲೆ ಸೇರಿತು. ವರ್ಷ ಕಳೆದರೂ ಈಚೆ ಬರಲಿಲ್ಲ.

ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಮೊದಲ ಸಲ ಕ್ಲಿನಿಕ್ಕಿಗೆ ಬಂದಾಗ ದಿನವೂ ಉಜ್ಜುತ್ತೇನೆ ಎಂದೇ ಹೇಳಿದ್ದರು. ಹರಿಣಾಕ್ಷಿ ವಾದಿಸಲಿಲ್ಲ. ಊರಿನ ಮಾತು, ಹೋಟೆಲಿನ ಮಾತು ಕೇಳುತ್ತಾ ಕುಳಿತರು. ಕೇಳುತ್ತಾ ಕೇಳುತ್ತಾ ಒಲೆಯ ಮಾತು ಬಂತು, ಒಲೆಯ ಹಿಂದೆಯೇ ರಕ್ತದ ಮಾತು. ಹೇಳಿ ಮುಗಿಸುವಾಗ ಐತಪ್ಪನವರ ಕಣ್ಣು ತುಂಬಿತ್ತಂತೆ. ಹೋಟೆಲಿನ ಈಗಿನ ಯಜಮಾನ ಮುರಳೀಧರರಿಗೆ ತಿಳಿದರೆ ಒಲೆಯ ಹತ್ತಿರ ಬಿಡುವುದಿಲ್ಲ ಎಂಬ ಭಯ ಅವರಿಗೆ ಹಲ್ಲು ಹೋಗುವ ಭಯಕ್ಕಿಂತ ದೊಡ್ಡದಾಗಿತ್ತು.

"ರಕ್ತ ಬರುವುದು ಉಜ್ಜಿದ್ದಕ್ಕಲ್ಲ, ಸರಿಯಾಗಿ ಉಜ್ಜದೆ ಪಾಚಿ ಕೂತದ್ದಕ್ಕೆ," ಎಂದು ಹರಿಣಾಕ್ಷಿ ಅಂದು ಬಿಡಿಸಿ ಹೇಳಿದರು. ಮಲಗುವ ಮುನ್ನ ಮೆತ್ತನೆಯ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ನಿಧಾನವಾಗಿ ಉಜ್ಜಬೇಕು. ಹಲ್ಲಿನ ಸಂದಿಗೆ ಬೇರೆ ಸಣ್ಣ ಬ್ರಷ್ಷು ಬೇಕು. ಬರುವ ರಕ್ತ ರಾತ್ರಿಯೇ ಬರಲಿ, ದಿನ ಕಳೆದಂತೆ ತಾನಾಗಿ ಕಡಿಮೆಯಾಗುತ್ತದೆ. ವಸಡಿನ ರೋಗಕ್ಕೂ ಸಕ್ಕರೆ ಕಾಯಿಲೆಗೂ ನಂಟಿರುವುದರಿಂದ ರಕ್ತ ಪರೀಕ್ಷೆಗೂ ಕಳಿಸಿದರು. ಅಲ್ಲಿ ಸಕ್ಕರೆ ಏರಿದ್ದು ಕಂಡು, ಅದಕ್ಕೂ ಮಾತ್ರೆ ಶುರುವಾಯಿತು.

ಆಮೇಲೆ ನಡೆದದ್ದನ್ನು ನೆನೆದರೆ ಹರಿಣಾಕ್ಷಿಗೆ ಈಗಲೂ ನಿದ್ದೆ ಬರುವುದಿಲ್ಲ. ವಸಡಿನೊಳಗೆ ಗಟ್ಟಿಯಾಗಿ ಕುಳಿತಿದ್ದ ಕಿಟ್ಟವನ್ನು ಎರಡು ಸಲ ಕೂರಿಸಿ ತೆಗೆದರು. ಎರಡನೆಯ ಸಲದ ಮಾರನೆಯ ದಿನವೇ ಐತಪ್ಪ ಮೆಟ್ಟಿಲು ಹತ್ತಿ ಬಂದರು. ಹಲ್ಲುಗಳ ನಡುವೆ ಸಂದು ಬಿದ್ದಿತ್ತು, ಗಾಳಿ ತಾಗಿದರೆ ಜುಮ್ಮೆನ್ನುತ್ತಿತ್ತು, ಮುಂದಿನ ಎರಡು ಹಲ್ಲು ನಾಲಗೆ ಮುಟ್ಟಿದರೆ ಅಲುಗುತ್ತಿದ್ದವು. ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಂತೆ ಅವರು ಹೇಳಿದ್ದು ಒಂದೇ ಮಾತು: "ಗಟ್ಟಿಯಿದ್ದ ಹಲ್ಲನ್ನು ನೀವೇ ಅಲ್ಲಾಡಿಸಿದ್ರಿ ಅಕ್ಕ."

ಉತ್ತರ ಕೇಳದೆ ಇಳಿದುಹೋದರು. ಹಲ್ಲು ಮೊದಲೇ ಸಡಿಲವಾಗಿತ್ತು, ಕಿಟ್ಟ ಅದನ್ನು ಸಿಮೆಂಟಿನಂತೆ ಹಿಡಿದಿತ್ತು ಎಂದು ಹೇಳಲು ಹರಿಣಾಕ್ಷಿ ಮೆಟ್ಟಿಲವರೆಗೆ ಬರುವಷ್ಟರಲ್ಲಿ ಅವರು ರಸ್ತೆ ದಾಟಿದ್ದರು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತು ಈ ಊರಿನಲ್ಲಿ ಮೊದಲೇ ಇದೆ. ಇನ್ನು ಅದು ಹೋಟೆಲಿನಿಂದ ಹೋಟೆಲಿಗೆ ಹಬ್ಬಿದರೆ ಅಡುಗೆಮನೆಯವರು ಯಾರೂ ಬರಲಾರರು. ಅದಕ್ಕಿಂತ ಹೆಚ್ಚಾಗಿ, ಐತಪ್ಪ ಮತ್ತೆ ಬ್ರಷ್ಷು ಮೂಲೆಗಿಟ್ಟರೆ ಎರಡಲ್ಲ, ಎಲ್ಲ ಹಲ್ಲೂ ಹೋಗುತ್ತವೆ.

ಕ್ಲಿನಿಕ್ಕಿನ ಮುಂದಿನ ರಜೆಯ ದಿನ ಹರಿಣಾಕ್ಷಿಯೇ ಹೋಟೆಲಿನ ಹಿಂಬಾಗಿಲಿಗೆ ಹೋದರು. ಐತಪ್ಪ ತೆಂಗಿನಕಾಯಿ ತುರಿಯುತ್ತಿದ್ದರು, ತಲೆಯೆತ್ತಲಿಲ್ಲ. ಹರಿಣಾಕ್ಷಿ ಬಾಗಿಲ ಹೊರಗೇ ನಿಂತರು. "ನನ್ನ ಮೇಲೆ ಸಿಟ್ಟಿರಲಿ. ಬ್ರಷ್ಷಿನ ಮೇಲೆ ಬೇಡ. ಹಲ್ಲು ಉಳಿಯುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಕಿಟ್ಟ ತೆಗೆದ ಮೇಲೆ ಸಡಿಲ ಹಲ್ಲು ಅಲುಗುವುದು ಗೊತ್ತಾಗ್ತದೆ ಅಂತ ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು," ಎಂದರು. ತುರಿಯುವ ಸದ್ದು ನಿಂತಿತು. ಐತಪ್ಪ, ನೆಲ ನೋಡುತ್ತಲೇ, ರಾತ್ರಿ ಉಜ್ಜುವುದನ್ನು ಬಿಟ್ಟಿಲ್ಲ ಎಂದರು. ಈಗೀಗ ಬೆಳಗ್ಗೆಯೂ ಉಜ್ಜುತ್ತೇನೆ, ಕಣ್ಣು ಮುಚ್ಚಿಕೊಂಡು ಉಗುಳುತ್ತೇನೆ, ನೋಡುವ ಧೈರ್ಯವಿಲ್ಲ ಎಂದರು.

ಅದಾಗಿ ಎರಡು ತಿಂಗಳು ಕಳೆದಿದೆ. ಇವತ್ತು ಮತ್ತೆ ಅಳತೆ. ಮಫ್ಲರ್ ಬಿಚ್ಚಿದ ಐತಪ್ಪ ಕುರ್ಚಿಯ ಕೈ ಬಿಗಿಹಿಡಿದು ತುಟಿಯಲ್ಲೇ ಏನನ್ನೋ ಜಪಿಸುತ್ತಾರೆ, ಬಾಯಿ ತೆರೆಯಬೇಕಾದಾಗ ಜಪ ಗಂಟಲಿಗೆ ಇಳಿಯುತ್ತದೆ. ಕಡ್ಡಿ ವಸಡಿನ ಅಂಚಿಗೆ ಇಳಿಯುತ್ತದೆ, ನಿಲ್ಲುತ್ತದೆ. ಮುಂದಿನ ಹಲ್ಲು, ಅದರ ಮುಂದಿನದು. ಹರಿಣಾಕ್ಷಿ ಕಡ್ಡಿಯ ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ರಕ್ತವಿಲ್ಲ. ಮತ್ತೊಮ್ಮೆ ನೋಡುತ್ತಾರೆ.

ಅಷ್ಟರಲ್ಲಿ ಕ್ಲಿನಿಕ್ಕಿನ ಡಾಕ್ಟರ್ ಪ್ರೇರಣಾ ಬಂದಿದ್ದಾರೆ. ದೆಹಲಿಯಲ್ಲೇ ಬೆಳೆದ ಇವರಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಎಕ್ಸ್‌ರೇ ನೋಡಿ, ಹಲ್ಲುಗಳನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿ, "ಅಚ್ಛಾ, ಅಭೀ ನಿಕಾಲ್ನಾ ನಹೀಂ ಹೈ," ಎನ್ನುತ್ತಾರೆ. ಹಿಂದಿ ಚೆನ್ನಾಗಿ ಬಲ್ಲ ಐತಪ್ಪ, ಭಯದಲ್ಲಿ ಅದನ್ನು ಹಿಡಿಯಲಾಗದೆ ಹರಿಣಾಕ್ಷಿಯ ಮುಖ ನೋಡುತ್ತಾರೆ. ಈಗ ಕೀಳುವುದು ಬೇಡವಂತೆ ಎಂದು ಹರಿಣಾಕ್ಷಿ ಹೇಳುತ್ತಾರೆ. ಡಾಕ್ಟರ್ ಸಡಿಲವಾದ ಎರಡನ್ನೂ ಪಕ್ಕದ ಹಲ್ಲುಗಳಿಗೆ ತೆಳುವಾದ ತಂತಿಯಿಂದ ಕಟ್ಟುತ್ತಾರೆ. ಕರಗಿದ ಎಲುಬು ಮರಳಿ ಬರುವುದಿಲ್ಲ. ಮೂರು ತಿಂಗಳಿಗೊಮ್ಮೆ ಬರಬೇಕು, ಸಕ್ಕರೆ ಹತೋಟಿಯಲ್ಲಿರಬೇಕು, ಒಂದು ರಾತ್ರಿಯೂ ಉಜ್ಜದೆ ಮಲಗಬಾರದು.

ಐತಪ್ಪ ಎದ್ದು, ಬಾಯಿ ಮುಕ್ಕಳಿಸಿ, ಕಣ್ಣು ತೆರೆದುಕೊಂಡೇ ಉಗುಳುತ್ತಾರೆ. ಬೇಸಿನ್ನಿನಲ್ಲಿ ಬರೀ ನೀರು. ಹಾಗಾದರೆ ಇನ್ನು ಹೆದರಬೇಕಾಗಿಲ್ಲವೇ ಎಂದು ಕೇಳುತ್ತಾರೆ.

ಹರಿಣಾಕ್ಷಿ ಗ್ಲೌಸ್ ಕಳಚುತ್ತಾರೆ. "ಸ್ವಲ್ಪ ಇರಲಿ ಐತಪ್ಪಣ್ಣ. ಪೂರ್ತಿ ಹೋದರೆ ನೀವು ಇಲ್ಲಿಗೆ ಬರುವುದು ಬಿಡ್ತೀರಿ. ನೀವು ಬರ್ತಾ ಇರಬೇಕು, ನನಗೆ ಅಷ್ಟೇ ಬೇಕಾದ್ದು."