ಬಿಳಿ ಬಟ್ಟೆಯ ಅಡಿಯ ಅಮ್ಮಂದಿರು

ಬೆಳಗಿನ ಆರೂವರೆ. ಪಾಸ್‌ಪೋರ್ಟ್ ಕಚೇರಿಯ ಎದುರಿನ ಸ್ಟುಡಿಯೋದಲ್ಲಿ ನಾಲ್ಕು ತಿಂಗಳ ಮಗುವೊಂದು ಊರು ಒಂದಾಗುವಂತೆ ಅಳುತ್ತಿದೆ. ಕುರ್ಚಿಯಲ್ಲಿ ಅದರ ಅಮ್ಮ ಕೂತಿದ್ದಾಳೆ. ಅವಳ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದಿಸಿ, ಮಗುವನ್ನು ತೊಡೆಯ ಮೇಲೆ ನಿಲ್ಲಿಸಲಾಗಿದೆ. ಮಗುವಿನ ಫೋಟೋದಲ್ಲಿ ಬೇರೆ ಯಾರೂ ಕಾಣಕೂಡದು ಎನ್ನುವುದು ಕಚೇರಿಯ ನಿಯಮ.

"ಅಮ್ಮ, ಅಲ್ಲಾಡ್ಬೇಡಿ. ಕಂದಾ, ಕಿವಿ ಕಾಣ್ಲಿ" ಎನ್ನುತ್ತಾರೆ ಫೋಟೋಗ್ರಾಫರ್. ದಿನಕ್ಕೆ ನಲವತ್ತು ಸಲ ಇದನ್ನೇ ಹೇಳುವ ಇವರು ಬೀದಿಗೆಲ್ಲ 'ಕಿವಿ ಮಾಮ'. ಕ್ಲಿಕ್ಕಿಸಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಇನ್ನೊಂದು ತೆಗೆಯುತ್ತಾರೆ. ಅದರಲ್ಲಿ ಕುರ್ಚಿ, ಬಟ್ಟೆಯಡಿಯಿಂದ ಇಣುಕುವ ಚಪ್ಪಲಿ, ಮಗುವಿನ ಸೊಂಟ ಹಿಡಿದ ಬೆರಳುಗಳು, ಎಲ್ಲ ಇವೆ.

"ಇದು ನನಗೋಸ್ಕರ. ಇಟ್ಕೊಳ್ಲಾ?" ಎಂದು ಕೇಳುತ್ತಾರೆ. ಅಮ್ಮ ಕೆದರಿದ ಕೂದಲಲ್ಲೇ ಇಣುಕಿ ನೋಡಿ, "ನನ್ನ ಮುಖಾನೇ ಇಲ್ವಲ್ಲ, ಇಟ್ಕೊಳ್ಳಿ" ಎಂದು ನಗುತ್ತಾಳೆ.

ಇಪ್ಪತ್ತೆರಡು ವರ್ಷದಿಂದ ಇದೇ ಹತ್ತಡಿ ಕೋಣೆ. ಮಾಮ ತೆಗೆಯುತ್ತಾರೆ, ಹೆಂಡತಿ ಪ್ರಿಂಟ್ ಹಾಕಿ ಕತ್ತರಿಸುತ್ತಾರೆ. ಫೋಟೋಗಳಿಗೆ ಚೌಕಟ್ಟು ಹಾಕುವ ಕೆಲಸವೂ ಉಂಟು. ಮೂರು ವರ್ಷದ ಹಿಂದೆ, ಫೋಟೋ ಪ್ರದರ್ಶನ ನಡೆಸುವ ಮೇಡಂ ಒಬ್ಬರಿಂದ ಕೆಲವು ಚಿತ್ರಗಳು ಚೌಕಟ್ಟಿಗೆ ಬಂದವು. ಒಂದರಲ್ಲಿ ಬರೀ ಬೆನ್ನು, ಇನ್ನೊಂದರಲ್ಲಿ ಅರ್ಧ ಮುಖ, ಮತ್ತೊಂದರಲ್ಲಿ ಖಾಲಿ ಹಾಸಿಗೆ.

"ತಲೆಬುಡ ಗೊತ್ತಾಗ್ಲಿಲ್ಲ. ಫೋಟೋ ಕೆಟ್ಟೋಗಿದೆ ಅಂತ ಮೇಡಮ್ಮಿಗೆ ಫೋನ್ ಮಾಡ್ದೆ. ಅವ್ರು ನಕ್ರು. ಆದ್ರೆ ವಾರ ಪೂರ್ತಿ ಆ ಹಾಸಿಗೇನೇ ನೋಡ್ತಿದ್ದೆ. ಎದ್ದು ಹೋದೋರು ಯಾರು ಅಂತ ಯೋಚ್ನೆ." ಆ ಎರಡು ಹೆಜ್ಜೆ ಶುರುವಾದದ್ದು ಆಗ.

ಈಗ ಇವನ್ನು ಕಂಡ ಅದೇ ಮೇಡಂ ಮುಂದಿನ ಪ್ರದರ್ಶನಕ್ಕೆ ಇವರಿಂದ ಇಂಥ ಹತ್ತು ಚಿತ್ರ ಕೇಳಿದ್ದಾರೆ. ಮಾಮ ಶ್ರದ್ಧೆಯಿಂದ ಕಳಿಸಿಯೂ ಬಿಟ್ಟರು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ನೋಡಿ. ಕಳಿಸುವ ಮುಂಚೆ ಬೆರಳು ಅಳಿಸಿ, ಚಪ್ಪಲಿ ತೆಗೆದು, ಹಿನ್ನೆಲೆ ಬೆಳ್ಳಗೆ ಮಾಡಿ, ಪಾಸ್‌ಪೋರ್ಟ್ ಅಳತೆಗೆ ಕತ್ತರಿಸಿದ್ದರು. "ಅಮ್ಮಂದಿರೆಲ್ಲಿ?" ಎಂದು ಮೇಡಂ ಕೇಳಿದಾಗಲೇ ಎಚ್ಚರವಾದದ್ದು. ಇವತ್ತು ಹತ್ತು ಗಂಟೆಯೊಳಗೆ ಸರಿಯಾದವು ಬಾರದಿದ್ದರೆ ಪ್ರದರ್ಶನದಲ್ಲಿ ಇವರಿಗೆಂದು ಇಟ್ಟ ಗೋಡೆ ಇನ್ನೊಬ್ಬರಿಗೆ.

ಪುಣ್ಯಕ್ಕೆ ಹೆಂಡತಿ ಮೂಲ ಚಿತ್ರಗಳನ್ನು ಬೇರೆ ಇಟ್ಟಿದ್ದಾರೆ. "ಇವ್ರ ಕೈ ನಂಗೊತ್ತಿಲ್ವಾ?" ಎನ್ನುತ್ತಾರೆ.

ಒಂಬತ್ತೂವರೆಗೆ ಮಾಮ ಮೊದಲ ಚಿತ್ರ ತೆರೆಯುತ್ತಾರೆ. ಕೈ ತಾನಾಗಿಯೇ ಚಪ್ಪಲಿ ಅಳಿಸಲು ಹೋಗುತ್ತದೆ.

"ಚಪ್ಪಲಿ ಇದ್ರೆ ಚೆನ್ನಾ, ಇಲ್ದಿದ್ರೆ ಚೆನ್ನಾ? ನೀವು ಓದ್ದೋರು, ಹೇಳಿ" ಎಂದು, ಬೆಳಗಿನಿಂದ ಪಕ್ಕದಲ್ಲೇ ಕೂತು ಬರೆದುಕೊಳ್ಳುತ್ತಿರುವ ನನ್ನನ್ನು ಕೇಳುತ್ತಾರೆ.

ನನಗೂ ಗೊತ್ತಿಲ್ಲ. ನೋಡಿದಷ್ಟೂ ಗೊಂದಲ. ಒಮ್ಮೆ ಬರೀ ಕೊಳಕು ಚಪ್ಪಲಿ, ಮರುಕ್ಷಣ ಅದೇ ಚಿತ್ರದ ಜೀವ.

"ಮುಟ್ಬೇಡಿ ಅಂದೆ" ಎಂದು ಹೆಂಡತಿ ಮೌಸ್ ಕಿತ್ತುಕೊಂಡು ಹತ್ತನ್ನೂ ಇದ್ದಂತೆಯೇ ಕಳಿಸಿಬಿಟ್ಟರು.

ಮಾಮ ಬೆವರು ಒರೆಸಿಕೊಳ್ಳುತ್ತಾರೆ. "ಚೆನ್ನಾಗಿದ್ಯೋ ಇಲ್ವೋ, ಈಗ್ಲೂ ಗೊತ್ತಿಲ್ಲ. ಇಷ್ಟು ವರ್ಷ ಎಷ್ಟು ಅಮ್ಮಂದಿರನ್ನ ನನ್ನ ಕೈಯಾರೆ ಅಳಿಸಿದೀನೋ ಲೆಕ್ಕ ಇಲ್ಲ. ಹತ್ತು ಜನಾನಾದ್ರೂ ಗೋಡೆ ಮೇಲೆ ಕೂತ್ಕೊಳ್ಲಿ."