ಸೋಮವಾರದ ವಿಭೂತಿ

ತಿಂಗಳ ಮೊದಲ ವಾರ ನನ್ನ ತಿರುಗಾಟದ ವಾರ. ಸೋಮವಾರ ಹೊನ್ನಾಳಿ, ಮಂಗಳವಾರ ನ್ಯಾಮತಿ ಮತ್ತು ಸವಳಂಗ, ಬುಧವಾರ ಸಾಮಾನು ಜೋಡಣೆ, ಗುರುವಾರ ಜಗಳೂರು, ಶುಕ್ರವಾರ ಚನ್ನಗಿರಿ ಮತ್ತು ಕೆರೆಬಿಳಚಿ, ಶನಿವಾರ ವರದಿ. ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಈ ಪಟ್ಟಿಯನ್ನು ನನ್ನ ಕೋಣೆಯ ಬಾಗಿಲ ಹಿಂದೆ ಅಂಟಿಸಿಕೊಂಡಿದ್ದೆ. ನೋಡುವ ಅಗತ್ಯವಿರಲಿಲ್ಲ. ಆದರೂ ಇರಬೇಕಾದದ್ದು ಇರಬೇಕಾದಲ್ಲಿ ಇರಬೇಕು ಎಂಬುದು ನನ್ನ ಅಭ್ಯಾಸ.

ಸೈನ್ಯದಲ್ಲಿ ಹದಿನೇಳು ವರ್ಷ ವೈರ್‌ಲೆಸ್ ಸೆಟ್ಟುಗಳ ಬ್ಯಾಟರಿ ನೋಡಿಕೊಂಡವನು ನಾನು. ಅಲ್ಲಿ ಬ್ಯಾಟರಿಗೆ ನೀರು ಹಾಕುವುದಕ್ಕೆ ವಾರ ಗೊತ್ತಿತ್ತು, ಗಂಟೆ ಗೊತ್ತಿತ್ತು, ತಪ್ಪಿದರೆ ಶಿಕ್ಷೆಯೂ ಗೊತ್ತಿತ್ತು. ನಿವೃತ್ತನಾಗಿ ಹೊನ್ನಾಳಿಗೆ ಬಂದ ಮೇಲೆ, ಕರೆಂಟು ಇಲ್ಲದ ಹಳ್ಳಿಗಳಿಗೆ ಸೌರ ವಿದ್ಯುತ್ ಕೊಡುವ ಒಂದು ಯೋಜನೆಯಲ್ಲಿ ಕೆಲಸ ಸಿಕ್ಕಿತು. ಫಲಕ ನಿಲ್ಲಿಸುವುದು, ತಂತಿ ಎಳೆಯುವುದು, ಬ್ಯಾಟರಿ ಕೂರಿಸುವುದು. ಆಮೇಲೆ ತಿಂಗಳಿಗೊಮ್ಮೆ ಹೋಗಿ ಬ್ಯಾಟರಿಗೆ ಬಟ್ಟಿ ಇಳಿಸಿದ ಶುದ್ಧ ನೀರು ತುಂಬಿ, ಆಸಿಡ್ಡಿನ ಸಾಂದ್ರತೆ ಅಳೆದು, ವರದಿ ಬರೆಯುವುದು. ಹೆಚ್ಚಿನವು ಬೀದಿದೀಪಗಳು. ಒಂದೆರಡು ಕಡೆ ಊರವರೆಲ್ಲ ಸೇರಿ ನೋಡುವ ಟಿ.ವಿ.

ಎರಡು ನಿಯಮಗಳನ್ನು ನಾನೇ ಮಾಡಿಕೊಂಡಿದ್ದೆ. ಒಂದು ಊರಿನಲ್ಲಿ ಯಾರೋ ಪುಣ್ಯಾತ್ಮರು ಬೀದಿದೀಪದ ಬ್ಯಾಟರಿಗೆ ಬೋರಿನ ನೀರು ಸುರಿದು ಒಂದೇ ಬೇಸಗೆಯಲ್ಲಿ ಅದನ್ನು ಕೊಂದಿದ್ದರು. ಅಂದಿನಿಂದ ಎಲ್ಲ ಬ್ಯಾಟರಿ ಪೆಟ್ಟಿಗೆಗಳಿಗೂ ಬೀಗ ಹಾಕಿದೆ. ಕೀಲಿ ನನ್ನ ಬಳಿ ಮಾತ್ರ. ಇನ್ನೊಂದು: ಯಾವುದೋ ಕಾರಣಕ್ಕೆ ಒಂದು ಊರಿನ ದಿನ ತಪ್ಪಿದರೆ ಅದು ಮುಂದಿನ ತಿಂಗಳಿಗೇ ಹೋಗಬೇಕು. ಒಂದು ದಿನ ಜರುಗಿಸಿದರೆ ಉಳಿದ ದಿನಗಳೆಲ್ಲ ಜರುಗುತ್ತವೆ, ಕೊನೆಗೆ ಯಾವ ದಿನವೂ ದಿನವಾಗಿ ಉಳಿಯುವುದಿಲ್ಲ ಎಂದು ನನ್ನ ನಂಬಿಕೆ.

ಜಗಳೂರಿನಿಂದ ಎಂಟು ಮೈಲಿ ಆಚೆಯ ಒಂದು ಹಳ್ಳಿಯಲ್ಲಿ ಚಿಕ್ಕ ಆರೋಗ್ಯ ಕೇಂದ್ರವಿತ್ತು. ಆ ಊರಿಗೆ ಕರೆಂಟಿನ ಕಂಬಗಳು ಬಂದಿದ್ದವು, ತಂತಿ ಬಂದಿರಲಿಲ್ಲ. ಮಕ್ಕಳ ಲಸಿಕೆ ತಣ್ಣಗಿರಲೆಂದು ಅಲ್ಲಿಗೊಂದು ಸೌರ ಫ್ರಿಜ್ ಮಂಜೂರಾಯಿತು. ಕೇಂದ್ರದ ಅಂಗಳದಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಫಲಕಗಳನ್ನು ನಿಲ್ಲಿಸಿ, ಒಳಗೆ ಬ್ಯಾಟರಿ ಪೆಟ್ಟಿಗೆ ಇಟ್ಟು, ಫ್ರಿಜ್ ಚಾಲೂ ಮಾಡಿದವನು ನಾನೇ. ಅಲ್ಲಿ ಇದ್ದವರು ಇಬ್ಬರು. ಒಬ್ಬರು ನರ್ಸ್, ಮೂವತ್ತರ ಪ್ರಾಯ, ಬಾಯಿ ಜೋರು, ಕೆಲಸವೂ ಜೋರು. ಇನ್ನೊಬ್ಬಾಕೆ ಆಯಾ, ಐವತ್ತು ದಾಟಿದ ವಿಧವೆ, ಅದೇ ಊರಿನವಳು. ಹಣೆಯ ತುಂಬ ವಿಭೂತಿ.

ಫ್ರಿಜ್ ಕೂರಿಸಿದ ದಿನ ಆಕೆ ಫಲಕಗಳ ಸುತ್ತ ಎರಡು ಸಲ ಸುತ್ತಿ ಬಂದಳು.

"ಇದಕ್ಕೆ ಏನು ಹಾಕ್ತೀರಿ ಸಾರ್? ಸೀಮೆಎಣ್ಣೇನಾ?"

"ಏನೂ ಬೇಡಮ್ಮ. ಬಿಸಿಲು ಬಿದ್ರೆ ಸಾಕು."

"ಹಂಗಾದ್ರೆ ನಮ್ಮೂರಿಗೆ ತಕ್ಕದ್ದೇ ತಂದೀರಿ ಬಿಡ್ರಿ. ಬಿಸಿಲೊಂದನ್ನ ನಾವು ಯಾರ ಮನೇಗೂ ಕೇಳಾಕೆ ಹೋಗಂಗಿಲ್ಲ."

ಪ್ರತಿದಿನ ಬೆಳಗ್ಗೆ ಒದ್ದೆ ಬಟ್ಟೆಯಿಂದ ಫಲಕ ಒರೆಸಬೇಕು, ಧೂಳು ಕೂತರೆ ಬಿಸಿಲು ಒಳಗಿಳಿಯುವುದಿಲ್ಲ ಎಂದು ಆಕೆಗೆ ಹೇಳಿಕೊಟ್ಟೆ. ಒಂದು ದಿನವೂ ಆಕೆ ತಪ್ಪಿಸಲಿಲ್ಲ. ನಾನು ಹೋದ ಗುರುವಾರಗಳಲ್ಲೆಲ್ಲ ಫಲಕಗಳು ಕನ್ನಡಿಯ ಹಾಗೆ ಇರುತ್ತಿದ್ದವು. ಹನ್ನೊಂದು ಗಂಟೆಗೆ ನಾನು ಅಂಗಳಕ್ಕೆ ಕಾಲಿಟ್ಟರೆ ನರ್ಸ್ ಒಳಗಿಂದಲೇ ಕೂಗುವರು: "ಅಜ್ಜೀ, ಗಡಿಯಾರ ಬಂತು ನೋಡು. ರೇಡಿಯೋ ಟೈಮು ತಪ್ಪಿದ್ರೆ ಸರಿ ಮಾಡ್ಕೋ."

ಆಯಾಳ ಸೊಸೆಗೆ ಮದುವೆಯಾಗಿ ಆರು ವರ್ಷದ ಮೇಲೆ ಹೆಣ್ಣು ಮಗುವಾಗಿತ್ತು, ಅದೇ ಕೇಂದ್ರದಲ್ಲಿ. ಮಗುವಿನ ಲಸಿಕೆಯ ಚೀಟಿಯನ್ನು ಆಯಾ ಸೆರಗಿನಲ್ಲೇ ಕಟ್ಟಿಕೊಂಡಿರುತ್ತಿದ್ದಳು. ಓದಲು ಬಾರದು, ಆದರೂ ಪ್ರತಿ ಸಲ ನನ್ನ ಮುಂದೆ ಹಿಡಿದು, "ಇನ್ನೊಂದು ಸೂಜಿ ಐತಲ್ಲ ಸಾರ್, ದಡಾರದ್ದು, ಅದು ಯಾವಾಗ?" ಎಂದು ಕೇಳುವಳು. ಒಂಬತ್ತು ತಿಂಗಳು ತುಂಬಿದ ಮೇಲೆ, ಏಪ್ರಿಲ್ ಕೊನೆಯ ಬುಧವಾರ, ಎಂದು ನಾನು ಓದಿ ಹೇಳುವೆ. ಅವಳ ಇಬ್ಬರು ಮಕ್ಕಳು ದಡಾರದಲ್ಲೇ ಹೋಗಿದ್ದರಂತೆ. ಉಳಿದವನು ಈ ಮಗುವಿನ ತಂದೆಯೊಬ್ಬನೇ.

ಆ ವರ್ಷದ ಏಪ್ರಿಲ್ ಮೊದಲ ಗುರುವಾರ ಬಸ್ಸಿನವರು ಮುಷ್ಕರ ಹೂಡಿದರು. ಹೊನ್ನಾಳಿಯ ನಿಲ್ದಾಣದಲ್ಲಿ ಎರಡು ಗಂಟೆ ಕೂತು ವಾಪಸಾದೆ. ಶುಕ್ರವಾರ ಬಸ್ಸು ಓಡಿತು. ಆದರೆ ಶುಕ್ರವಾರ ಚನ್ನಗಿರಿಯದ್ದು. ನಾನು ಚನ್ನಗಿರಿಗೆ ಹೋದೆ. ಮರುವಾರ ಮೂರು ದಿನ ಬಿಡುವಾಗಿದ್ದೆ, ಮನೆಯ ಹೆಂಚು ಕೈಯಾಡಿಸಿದೆ, ಜಗಳೂರಿನ ಬಸ್ಸು ಹತ್ತಲಿಲ್ಲ.

ಆ ತಿಂಗಳ ಕೊನೆಯ ಭಾನುವಾರ ಸಂಜೆ ಬಸ್ಸಿನ ಕಂಡಕ್ಟರ್ ಒಬ್ಬರು ನರ್ಸ್ ಬರೆದ ಚೀಟಿ ತಂದುಕೊಟ್ಟರು. ಫ್ರಿಜ್ ಬಿಸಿಯಾಗುತ್ತಿದೆ, ಬುಧವಾರ ಲಸಿಕೆಯ ದಿನ, ಕೂಡಲೇ ಬನ್ನಿ ಎಂದಿತ್ತು. ಸೋಮವಾರ ಮೊದಲ ಬಸ್ಸಿಗೆ ಹೊರಟು, ದಾವಣಗೆರೆಯಲ್ಲಿ ಬದಲಿಸಿ, ಜಗಳೂರು ದಾಟಿ ಹಳ್ಳಿ ಸೇರಿದಾಗ ಹತ್ತೂವರೆ.

ಅಂಗಳಕ್ಕೆ ಕಾಲಿಟ್ಟವನು ಅಲ್ಲೇ ನಿಂತೆ. ಪ್ರತಿ ಫಲಕದ ಮೇಲೂ ಎಡದಿಂದ ಬಲಕ್ಕೆ ಮೂರು ಬೆರಳಿನ ವಿಭೂತಿ ಪಟ್ಟೆ, ಒಣಗಿ ಬಿಳಿಯಾಗಿ ಕೂತಿತ್ತು. ಒಂದು ಫಲಕದಲ್ಲಿ ಬಿಸಿಲನ್ನು ಕರೆಂಟು ಮಾಡುವ ಮೂವತ್ತಾರು ಬಿಲ್ಲೆಗಳು ಒಂದಕ್ಕೊಂದು ಕೈ ಹಿಡಿದು ನಿಂತಿರುತ್ತವೆ. ಒಂದು ಸಾಲು ಮಂಕಾದರೆ ಉಳಿದವು ಎಷ್ಟೇ ದುಡಿದರೂ ಕರೆಂಟು ಮುಂದೆ ಸಾಗುವುದಿಲ್ಲ. ನನ್ನ ತಲೆ ಕೆಟ್ಟುಹೋಯಿತು.

"ಯಾರು ಮಾಡಿದ್ದು ಇದನ್ನ?"

ಆಯಾ ಪೊರಕೆ ಹಿಡಿದು ಹೊರಗೆ ಬಂದಳು. "ನಾನೇ ಸಾರ್. ಸೋಮಾರ ಅಲ್ಲೇನ್ರಿ. ದಿನಾ ಎದ್ದು ಸೂರ್ಯಪ್ಪನ ಮುಖ ನೋಡೋ ಸಾಮಾನು, ಬರೀ ಹಣೇಲಿ ನಿಲ್ಲಿಸಬಾರದು ಅಂತ ಸ್ನಾನ ಮಾಡಿ ಹಚ್ತೀನಿ. ಮಂಗಳಾರ ಮುಂಜಾನೆ ಒರೆಸಿ ಬಿಡ್ತೀನಿ."

"ಹಚ್ತೀಯಾ! ಸರ್ಕಾರದ ಮಿಷನ್ನಿಗೆ ಬೂದಿ ಬಳ್ದು ಕೂತೀಯಾ! ಊರ ಮಕ್ಕಳ ಔಷಧಿ ಹಾಳು ಮಾಡಿದ್ದು ನೀನೇ!"

ಬಾವಿಯಿಂದ ನೀರು ತರುತ್ತಿದ್ದ ನಾಲ್ಕು ಹೆಂಗಸರು ಕೊಡ ಇಳಿಸಿ ನಿಂತರು. ಆಯಾ ಪೊರಕೆ ಕೆಳಗಿಟ್ಟು, ಸೆರಗನ್ನು ನೀರಿನಲ್ಲಿ ಅದ್ದಿ, ಫಲಕಗಳನ್ನು ಒಂದೊಂದಾಗಿ ಒರೆಸತೊಡಗಿದಳು.

ನಾನು ಒಳಗೆ ಹೋಗಿ ಬ್ಯಾಟರಿ ಪೆಟ್ಟಿಗೆಯ ಬೀಗ ತೆಗೆದೆ. ಮೊದಲ ಬ್ಯಾಟರಿಯ ಮುಚ್ಚಳ ತಿರುಗಿಸಿ ಟಾರ್ಚು ಬಿಟ್ಟೆ. ಒಳಗೆ ನೀರು ಇರಲಿಲ್ಲ. ಆಸಿಡ್ಡು ತಳಕ್ಕಿಳಿದು, ಸೀಸದ ಪ್ಲೇಟುಗಳು ಮುಕ್ಕಾಲು ಪಾಲು ಒಣಗಿ, ಬೂಷ್ಟು ಹಿಡಿದ ರೊಟ್ಟಿಯ ಹಾಗೆ ಬಿಳಿಚಿಕೊಂಡಿದ್ದವು. ಎರಡನೆಯದೂ ಹಾಗೇ. ಎಲ್ಲವೂ ಹಾಗೇ. ಜಗಳೂರು ಸೀಮೆಯ ಬೇಸಗೆಯಲ್ಲಿ ಮಾರ್ಚ್ ಮೊದಲ ವಾರ ಹಾಕಿದ ನೀರು ಏಪ್ರಿಲ್ ಕೊನೆಯವರೆಗೆ ಹೇಗೆ ನಿಲ್ಲುತ್ತದೆ? ಒಂದು ದಿನದ ವಿಭೂತಿಯಿಂದ ಆಗುವ ಕೆಲಸವಲ್ಲ ಇದು. ಬಿಸಿಲೇ ಇಲ್ಲದಿದ್ದರೂ ಮೂರು ದಿನ ಫ್ರಿಜ್ ನಡೆಸಬಲ್ಲ ಬ್ಯಾಟರಿಗಳು ಅವು. ಎಷ್ಟೋ ಸೋಮವಾರಗಳಿಂದ ಆಕೆ ವಿಭೂತಿ ಹಚ್ಚುತ್ತಿದ್ದಳು, ಮಂಗಳವಾರ ಒರೆಸುತ್ತಿದ್ದಳು, ಫ್ರಿಜ್ ತಣ್ಣಗೇ ಇತ್ತು. ಮುಂದಿನ ತಿಂಗಳಿಗೆ ಹೋದದ್ದು ನನ್ನ ಗುರುವಾರ. ಬೀಗ ನನ್ನದು. ಕೀಲಿ ನನ್ನ ಕೈಯಲ್ಲಿತ್ತು.

ಇಷ್ಟೂ ನನಗೆ ಅರ್ಥವಾಗಲು ಅರ್ಧ ನಿಮಿಷ ಸಾಕಾಯಿತು. ತಂದಿದ್ದ ನೀರನ್ನು ಬೇಗ ಬೇಗ ತುಂಬಿ ಮುಚ್ಚಳ ಹಾಕಿದೆ. ನರ್ಸ್ ಬಾಗಿಲಲ್ಲಿ ಬಂದು ಕೇಳಿದರು: "ಬ್ಯಾಟರಿ ಹೆಂಗವೆ ಸಾರ್?"

"ಸರಿ ಅವೆ," ಎಂದೆ.

ವರದಿಯಲ್ಲಿ 'ಕಾರಣ' ಎಂಬ ಅಂಕಣವಿತ್ತು. 'ಕೇಂದ್ರದ ಸಿಬ್ಬಂದಿ ಫಲಕಗಳ ಮೇಲೆ ಬೂದಿ ಬಳಿದಿರುವುದು' ಎಂದು ದುಂಡಗೆ ಬರೆದು ಸಹಿ ಮಾಡಿದೆ. ಒಂದು ಪ್ರತಿ ಕೇಂದ್ರಕ್ಕೆ, ಒಂದು ಕಚೇರಿಗೆ.

ಬಿಸಿಗೆ ಕೆಟ್ಟ ಲಸಿಕೆಯ ಶೀಶೆಗಳನ್ನು ನರ್ಸ್ ಅಂದೇ ಹೂತು ಹಾಕಿದರು. ಹೊಸದು ಮೇಲಿನಿಂದ ಬರಬೇಕಿತ್ತು. ಬುಧವಾರ ತಾಂಡಾದಿಂದ, ಹಟ್ಟಿಗಳಿಂದ ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರನ್ನು ವಾಪಸ್ ಕಳಿಸಬೇಕಾಯಿತು. ಮೇ ತಿಂಗಳ ನನ್ನ ಗುರುವಾರ ನರ್ಸ್ ಇದನ್ನೆಲ್ಲ ಹೇಳಿದರು. ಅವತ್ತು ಅವರು ಗಡಿಯಾರದ ಮಾತು ಎತ್ತಲಿಲ್ಲ.

"ನಾನು ಸುಮ್ನೆ ಔಷಧಿ ಬಂದಿಲ್ಲ ಅಂತ ಹೇಳಿ ಕಳಿಸ್ತಿದ್ದೆ ಸಾರ್. ಈ ಅಜ್ಜಿ ಕೇಳಬೇಕಲ್ಲ. ಗೇಟಿನ ಹತ್ರ ನಿಂತು ಬಂದೋರಿಗೆಲ್ಲ ನನ್ ತಪ್ಪು ಕಣ್ರವ್ವಾ, ನಾನೇ ಹಾಳ್ಮಾಡ್ದೆ ಅಂತ ಕೈಮುಗಿದ್ಲು. ಒಬ್ಬಾಕೆಯಂತೂ ಉಗುಳಿ ಹೋದ್ಲು."

ಆಯಾ ಅಂಗಳದಲ್ಲಿ ಫಲಕ ಒರೆಸುತ್ತಿದ್ದಳು. ಅವಳ ಹಣೆ ಬರಿದಾಗಿತ್ತು. ಆ ಹೊತ್ತು ನಿಜ ಹೇಳಬಹುದಿತ್ತು. ಹೊಸ ಲಸಿಕೆ ಬರುತ್ತದೆ, ಎಲ್ಲ ಸರಿಹೋಗುತ್ತದೆ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಬ್ಯಾಟರಿಗೆ ನೀರು ಹಾಕಿ ಬಂದೆ.

ಹೊಸ ಲಸಿಕೆ ಬರುವ ಮೊದಲೇ ಆ ಊರಿಗೆ ದಡಾರ ಬಂತು. ಜೂನ್ ಮೊದಲ ಗುರುವಾರ ಹೋದಾಗ ಫಲಕಗಳ ಮೇಲೆ ಒಂದು ಬೆರಳು ಧೂಳಿತ್ತು. ನರ್ಸ್ ಬೆಂಚಿನ ಮೇಲೆ ಕೂತಿದ್ದರು.

"ಅಜ್ಜಿ ಕೆಲ್ಸ ಬಿಟ್ಲು ಸಾರ್. ಅವಳ ಮೊಮ್ಮಗು ಹೋಯ್ತು. ದಡಾರ ಇಳೀತು ಅನ್ನೋವಾಗ ಎದೆ ಕಟ್ಕಂತು. ಜಗಳೂರಿಗೆ ಒಯ್ಯೋ ದಾರೀಲೇ." ಬೆಂಚಿನಿಂದ ಏಳುತ್ತ ಹೇಳಿದರು: "ಸೊಸೆ ಈಗ ಅವಳ ಕೈಲಿ ನೀರು ಸೈತ ಇಸ್ಕಳಲ್ವಂತೆ."

ಅಂದು ನಾನು ಫಲಕಗಳನ್ನು ನಾನೇ ಒರೆಸಿದೆ, ಬ್ಯಾಟರಿ ನೋಡಿದೆ. ಆಮೇಲೆ ಕೇಂದ್ರದ ಫೈಲಿನಿಂದ ನನ್ನ ವರದಿಯ ಪ್ರತಿಯನ್ನು ಕೇಳಿ ತೆಗೆದುಕೊಂಡು ಆಯಾಳ ಮನೆ ಹುಡುಕಿಕೊಂಡು ಹೋದೆ.

ಆಕೆ ಜಗುಲಿಯ ಮೇಲೆ ಶೇಂಗಾ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ಚಾಪೆ ಹಾಸಿದಳು. ಸೊಸೆ ಒಳಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ನಾನು ಕೂರಲಿಲ್ಲ. ಸೈನ್ಯದಲ್ಲಿ ಮೇಲಧಿಕಾರಿಯ ಮುಂದೆ ತಪ್ಪು ಒಪ್ಪಿಕೊಳ್ಳುವ ಹಾಗೆ ನೇರ ನಿಂತು ಹೇಳಿದೆ: ವಿಭೂತಿಯಿಂದ ಏನೂ ಆಗಿಲ್ಲ. ಏಪ್ರಿಲಿನಲ್ಲಿ ನಾನು ಬರಲಿಲ್ಲ. ಬ್ಯಾಟರಿಯ ನೀರು ಒಣಗಿತ್ತು. ಬೀಗ ನನ್ನದಾಗಿದ್ದರಿಂದ ಬೇರೆ ಯಾರೂ ನೋಡುವ ಹಾಗಿರಲಿಲ್ಲ. ಆ ದಿನವೇ ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ನಿಮ್ಮ ಮೇಲೆ ಹಾಕಿದೆ.

ಆಯಾ ಶೇಂಗಾದ ಮೊರವನ್ನು ಪಕ್ಕಕ್ಕೆ ಸರಿಸಿದಳು. ಅವಳ ಮುಖದಲ್ಲಿ ಸಿಟ್ಟು ಕಾಣಬಹುದೆಂದು ಕಾದಿದ್ದೆ.

"ದೊಡ್ಡ ಮನಸು ಸಾರ್ ನಿಮ್ದು," ಎಂದಳು. "ಅಷ್ಟು ದೂರದಿಂದ ನನ್ನ ಸಮಾಧಾನ ಮಾಡಾಕೆ ಬಂದೀರಿ."

"ಸಮಾಧಾನ ಅಲ್ಲಮ್ಮ. ನಿಜ ಹೇಳ್ತಿದೀನಿ."

"ಆತು ಬಿಡ್ರಿ. ನಿಮ್ಮಂಥೋರು ತಪ್ಪಿಸೋ ಪೈಕಿ ಅಲ್ಲ. ಊರೆಲ್ಲ ನೋಡೈತೆ, ಹನ್ನೊಂದು ಅಂದ್ರೆ ಹನ್ನೊಂದಕ್ಕೆ ಬರೋರು ನೀವು."

ಸೊಸೆ ಆಗ ಮೊದಲ ಸಲ ಬಾಯಿ ತೆರೆದಳು. "ನಮ್ಮತ್ತೆ ಹೇಳಿ ಕಳ್ಸಿದ್ರಾ ನಿಮ್ಮನ್ನ?"

"ಇಲ್ಲಮ್ಮ, ದೇವರಾಣೆ ಇಲ್ಲ."

"ಕೈಯಾಗೆ ಏನದು?"

ವರದಿ ಎಂದೆ. ತಿದ್ದಿ ಬರೆದು ನಿಮ್ಮ ಮುಂದೆಯೇ ಸಹಿ ಹಾಕಲು ತಂದಿದ್ದೇನೆ ಎಂದೆ. ಅವಳು ಏಳನೇ ಇಯತ್ತೆವರೆಗೆ ಓದಿದವಳು. ಕಾಗದ ಇಸಿದುಕೊಂಡು ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತ, ಒಂದೊಂದೇ ಪದ ಓದಿದಳು. ನನ್ನ ಅಕ್ಷರ ಯಾವಾಗಲೂ ಸ್ಪಷ್ಟ.

"ಬೂದಿ ಬಳಿದಿರುವುದು ಅಂತ ನೀವೇ ಬರ್ದೀರಲ್ಲ. ಸಹೀನೂ ಐತೆ." ಕಾಗದವನ್ನು ನನ್ನ ಕೈಗೆ ಕೊಡದೆ ಜಗುಲಿಯ ಮೇಲಿಟ್ಟಳು. "ಮಗು ಇದ್ದಾಗ ಬರ್ದದ್ದು ಇದು. ಈಗ ಮಗು ಹೋದ ಮ್ಯಾಲೆ ಬೇರೆ ಬರ್ದು ಕೊಡ್ತೀರಿ. ಯಾವ್ದನ್ನ ನಂಬ್ಲಿ?"

ಜಗುಲಿಯ ಮೇಲೆಯೇ ಕೂತು ಹೊಸ ವರದಿ ಬರೆದೆ. ತಾರೀಕು ಹಾಕಿದೆ, ತಪ್ಪು ನನ್ನದು ಎಂದು ಬರೆದೆ, ಸಹಿ ಮಾಡಿದೆ. ಬರೆದು ತಲೆಯೆತ್ತುವಾಗ ಸೊಸೆ ಒಳಗೆ ಹೋಗಿದ್ದಳು. ಒಲೆಯ ಮುಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ಆಯಾ ಒಂದು ಲೋಟ ಮಜ್ಜಿಗೆ ತಂದು ನನ್ನ ಮುಂದಿಟ್ಟಳು.

"ಕುಡೀರಿ ಸಾರ್. ಈ ಮನೇಲಿ ನನ್ ಕೈಯಿಂದ ಯಾರಾದ್ರೂ ಇಸ್ಕಂಡು ಕುಡಿದು ಭಾಳ ದಿನ ಆತು."

ಕುಡಿದೆ. ಆಕೆ ನನ್ನ ಎದುರೇ ಕೂತು, ಲೋಟ ಖಾಲಿಯಾಗುವವರೆಗೂ ನೋಡುತ್ತಿದ್ದಳು. ತಿದ್ದಿದ ವರದಿಯನ್ನು ಶನಿವಾರ ಕಚೇರಿಗೆ ಕೊಟ್ಟೆ. ಅಲ್ಲಿ ಅದನ್ನು ಹಳೆಯ ವರದಿಯ ಮೇಲೆ ಪಿನ್ನು ಹಾಕಿ ಇಟ್ಟರು, ಯಾರೂ ಏನೂ ಕೇಳಲಿಲ್ಲ. ಆ ಊರಿನಲ್ಲಿ ಇಂದಿಗೂ ಯಾರಾದರೂ ಈ ಸಂಗತಿ ನೆನೆದರೆ, ವಿಭೂತಿ ಹಚ್ಚಿ ಔಷಧಿ ಕೆಡಿಸಿದ ಮುದುಕಿಯ ಮಾತಾಗಿಯೇ ನೆನೆಯುತ್ತಾರೆ.